ಬೇಕು, ಬಹುದು, ಬಾರದು



ರೋಹಿಣಿ ಮಳೆ ಕಳೆದು ಮಿರಗ ಹೂಡುವ ಹೊತ್ತಿನಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಲ್ಲಿ ಯಾವುದಾದರೂ ಕಟ್ಟೆಯ ಮೇಲೆ ಅರ್ಧ ತಾಸು ಕೂತು ಕೇಳಿ. ಒಬ್ಬರು 'ಇವತ್ತು ಮಳಿ ಬರ್ತೈತಿ' ಅನ್ನುತ್ತಾರೆ. ಪಕ್ಕದವರು 'ಬರಬೌದು' ಅನ್ನುತ್ತಾರೆ. ಮೂರನೆಯವರು ಮುಗಿಲು ನೋಡಿ 'ಬಂದೀತು' ಅನ್ನುತ್ತಾರೆ. 'ಇಷ್ಟೊತ್ತಿಗೆ ಬರಬೇಕಿತ್ತು' ಅನ್ನುವವರಿದ್ದಾರೆ, 'ಹಡಗಲಿ ಕಡೆ ಬಂತಂತೆ' ಅನ್ನುವವರಿದ್ದಾರೆ, 'ಬರಲಿ ಬಿಡಪ್ಪ' ಅಂತ ಕೈಮುಗಿಯುವವರಿದ್ದಾರೆ, 'ಇವತ್ತು ಬರಲಿಕ್ಕಿಲ್ಲ' ಅಂತ ಟವೆಲ್ ಕೊಡವಿಕೊಂಡು ಏಳುವವರೂ ಇದ್ದಾರೆ. ಮಳೆ ಒಂದೇ. ಬರು ಎಂಬ ಧಾತು ಒಂದೇ. ಬದಲಾದದ್ದು ಆಡಿದವರ ನಿಲುವು. ಒಬ್ಬರಿಗೆ ಅದು ಖಾತ್ರಿ, ಒಬ್ಬರಿಗೆ ಊಹೆ, ಒಬ್ಬರಿಗೆ ಹಂಬಲ, ಇನ್ನೊಬ್ಬರಿಗೆ ಕೇಳಿದ ಸುದ್ದಿ.

ಶಾಲೆಯಲ್ಲಿ ಇವನ್ನು ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂದು ಕಲಿತಿದ್ದೇವೆ. ಭಾಷಾಶಾಸ್ತ್ರಜ್ಞರು ಇಡೀ ಗುಂಪಿಗೆ ಮೊಡಾಲಿಟಿ ಎಂಬ ಹೆಸರಿಟ್ಟಿದ್ದಾರೆ. ನಾನು ಇವತ್ತು ನಿಲುವು ಎಂದೇ ಕರೆಯುತ್ತೇನೆ. ನಡೆದದ್ದು ಏನು ಎಂಬುದನ್ನು ಕ್ರಿಯಾಪದ ಹೇಳುತ್ತದೆ. ಅದು ನಡೆಯಲೇಬೇಕೆ, ನಡೆದರೆ ಪರವಾಗಿಲ್ಲವೆ, ನಡೆಯಕೂಡದೆ, ನಡೆದಿರಬಹುದೆ, ನಡೆಯಿತಂತೆಯೆ ಎಂಬುದನ್ನು ಈ ಪುಟ್ಟ ಮಾತುಗಳು ಹೇಳುತ್ತವೆ.

ಇದನ್ನು ಹೋಲಿಸಿ ನೋಡಲು ಕನ್ನಡ, ಇಂಗ್ಲಿಷ್ ಎರಡೇ ಸಾಕಾಗಿತ್ತು. ಮೂರನೆಯದಾಗಿ ಚೆಕ್ ಭಾಷೆಯನ್ನು ಕರೆತರುತ್ತಿದ್ದೇನೆ. ಯುರೋಪಿನ ನಡುವೆ, ಪ್ರಾಗ್ ನಗರವಿರುವ ಚೆಕ್ ದೇಶದಲ್ಲಿ ಆಡುವ ಆ ಭಾಷೆಗೂ ತಂಬ್ರಹಳ್ಳಿಗೂ ಏನು ಸಂಬಂಧ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ವಿಲೇಮ್ ಮಾತೇಸಿಯಸ್ ಎಂಬ ವಿದ್ವಾಂಸರಿದ್ದರು. 1882ರಲ್ಲಿ ಹುಟ್ಟಿದವರು, ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು. ಕಣ್ಣಿನ ದೃಷ್ಟಿ ಕೈಕೊಟ್ಟ ಮೇಲೂ ಬೇರೆಯವರಿಂದ ಓದಿಸಿಕೊಂಡು ಕೆಲಸ ಮಾಡಿದವರು. 1926ರ ಅಕ್ಟೋಬರಿನಲ್ಲಿ ಅವರ ಕೋಣೆಯಲ್ಲಿ ಕೆಲವರು ಸೇರಿದರು. ಮುಂದೆ ಜಗತ್ತು ಪ್ರಾಗ್ ಭಾಷಾಶಾಸ್ತ್ರ ಬಳಗ ಎಂದು ಕರೆದದ್ದು ಅಲ್ಲಿ ಹುಟ್ಟಿತು. ಮಾತೇಸಿಯಸ್ ಇಂಗ್ಲಿಷನ್ನು ಇಂಗ್ಲೆಂಡಿನವರ ಕಣ್ಣಿನಿಂದ ನೋಡಲಿಲ್ಲ. ತಮ್ಮ ಚೆಕ್ ಭಾಷೆಯನ್ನು ಪಕ್ಕದಲ್ಲಿಟ್ಟುಕೊಂಡು, ಇದೇ ಅರ್ಥವನ್ನು ನಮ್ಮವರು ಹೇಗೆ ಹೇಳುತ್ತಾರೆ, ಅವರು ಹೇಗೆ ಹೇಳುತ್ತಾರೆ ಎಂದು ಒಂದೊಂದಾಗಿ ಕೇಳಿದರು. ಆ ದಾರಿ ಅವರ ಕಾಲಕ್ಕೇ ಮುಗಿಯಲಿಲ್ಲ. ಲಿಬುಶೆ ದುಷ್ಕೋವಾ ಮತ್ತು ಸಂಗಡಿಗರು 1988ರಲ್ಲಿ ಹೊರತಂದ ದೊಡ್ಡ ಇಂಗ್ಲಿಷ್ ವ್ಯಾಕರಣದ ಹೆಸರಿನಲ್ಲೇ 'ಚೆಕ್ ಭಾಷೆಯ ಹಿನ್ನೆಲೆಯಲ್ಲಿ' ಎಂಬ ಮಾತಿದೆ.

ಆ ದೇಶಕ್ಕೂ ನಮ್ಮ ದ್ರಾವಿಡ ಭಾಷೆಗಳಿಗೂ ಹಳೆಯ ನಂಟೂ ಇದೆ. ಕಾಮಿಲ್ ಜ್ವೆಲೆಬಿಲ್, 1927ರಿಂದ 2009ರವರೆಗೆ ಬಾಳಿದವರು, ಪ್ರಾಗ್‌ನಲ್ಲಿ ಹುಟ್ಟಿ ತಮಿಳನ್ನೂ ನೀಲಗಿರಿಯ ಗುಡ್ಡಗಾಡಿನ ಭಾಷೆಗಳನ್ನೂ ಆಯುಷ್ಯವಿಡೀ ಅಭ್ಯಾಸ ಮಾಡಿದರು. ಅವರ ದೇಶದವರೊಬ್ಬರು ಇಲ್ಲಿಗೆ ಬಂದು ನಮ್ಮ ನುಡಿಗಳನ್ನು ಅಷ್ಟು ಆಳವಾಗಿ ನೋಡಿದರು. ನಾವೂ ಒಮ್ಮೆ ಅತ್ತ ಕಣ್ಣು ಹಾಯಿಸೋಣ.

ಮೊದಲು ರೂಪದ ಮಾತು, ಬೇಗ ಮುಗಿಸುತ್ತೇನೆ. ಇಂಗ್ಲಿಷಿನ ಕ್ಯಾನ್, ಮೇ, ಮಸ್ಟ್, ಶಲ್, ವಿಲ್ ಇವು ಬೇರೆ ಕ್ರಿಯಾಪದಗಳ ಹಾಗೆ ನಡೆಯುವುದಿಲ್ಲ. ಹಿ, ಶಿ ಬಂದಾಗ ಉಳಿದ ಕ್ರಿಯಾಪದಗಳಿಗೆ ಅಂಟುವ ಎಸ್ ಅಕ್ಷರ ಇವಕ್ಕೆ ಅಂಟದು. ಚೆಕ್‌ನಲ್ಲಿ ಹಾಗಿಲ್ಲ. ಅಲ್ಲಿ ಮುಸೆತ್ ಎಂದರೆ ಬೇಕು ಎಂಬ ಅರ್ಥದ ಕ್ರಿಯಾಪದ. ನಾನು ಎಂದರೆ ಮುಸೀಮ್, ನೀನು ಎಂದರೆ ಮುಸೀಶ್, ನಾವು ಎಂದರೆ ಮುಸೀಮೆ, ಹೀಗೆ ಉಳಿದ ಕ್ರಿಯಾಪದಗಳಂತೆ ಆಳು ನೋಡಿ ರೂಪ ಬದಲಿಸುತ್ತದೆ. ಕನ್ನಡ ಇಲ್ಲಿ ಇಂಗ್ಲಿಷಿನ ಪಕ್ಕಕ್ಕೆ ಬಂದು ನಿಲ್ಲುತ್ತದೆ. ನಾನು ಹೋಗಬೇಕು, ನೀನು ಹೋಗಬೇಕು, ಗೌಡರು ಹೋಗಬೇಕು, ಆಳು ಹೋಗಬೇಕು. ಲಿಂಗ, ವಚನ, ಪುರುಷ ಯಾವುದನ್ನೂ 'ಬೇಕು' ಲೆಕ್ಕಕ್ಕೆ ಹಿಡಿಯುವುದಿಲ್ಲ. 'ಬಹುದು', 'ಬಾರದು', 'ಕೂಡದು' ಕೂಡ ಅಷ್ಟೇ. ಆದರೆ ಬಲ್ಲೆ, ಬಲ್ಲ, ಬಲ್ಲರು; ಒಲ್ಲೆ, ಒಲ್ಲ, ಒಲ್ಲರು ಎಂಬಂಥ ಹಳೆಯ ಮಾತುಗಳು ಈಗಲೂ ಆಳು ನೋಡಿ ಬದಲಾಗುತ್ತವೆ.

ಈ ಮಾತುಗಳು ಎಲ್ಲಿಂದ ಬಂದವು ಎಂದು ಕೆದಕಿದರೆ ಮೂರೂ ಭಾಷೆಗಳ ಮನಸ್ಸು ಕಾಣುತ್ತದೆ. ಇಂಗ್ಲಿಷಿನ ಕ್ಯಾನ್ ಹುಟ್ಟಿದ್ದು ತಿಳಿ, ಅರಿ ಎಂಬ ಅರ್ಥದ ಧಾತುವಿನಿಂದ. ನಮ್ಮ 'ಬಲ್ಲ' ನಡೆದದ್ದೂ ಅದೇ ದಾರಿ. ಬಲ್ಲವನು ಎಂದರೆ ತಿಳಿದವನು. ಹಾಡಬಲ್ಲಳು ಎಂದರೆ ಹಾಡು ತಿಳಿದವಳು, ಅದರಿಂದ ಹಾಡಲು ಶಕ್ತಳಾದವಳು. ಇಂಗ್ಲಿಷಿನ ಮೇ, ಚೆಕ್‌ನ ಮೋತ್ಸ್ತ್ ಎರಡೂ ಬಲ, ಶಕ್ತಿ ಎಂಬ ಅರ್ಥದ ಒಂದೇ ಬೇರಿನವು. ಚೆಕ್‌ನ ಮುಸೆತ್ ಮಾತ್ರ ಅವರದಲ್ಲ, ಅದು ಜರ್ಮನ್ನಿನಿಂದ ಬಂದದ್ದು. ಕನ್ನಡದ 'ಬಹುದು', 'ಬಾರದು' ಎರಡೂ ಬರು ಎಂಬ ಧಾತುವಿನ ರೂಪಗಳು. ಬರ್ಪುದು ಎಂಬುದು ಬಪ್ಪುದು ಆಗಿ, ಬಹುದು ಆಯಿತು. ಮಾಡಬಹುದು ಎಂದರೆ ಮೂಲದಲ್ಲಿ ಮಾಡಲು ಬರುತ್ತದೆ, ಮಾಡಬಾರದು ಎಂದರೆ ಮಾಡಲು ಬರುವುದಿಲ್ಲ. 'ಕೂಡದು' ಕೂಡು ಎಂಬುದರ ನಿಷೇಧ, ಅಂದರೆ ಹೊಂದುವುದಿಲ್ಲ. ತೆಲುಗರೂ ಕೂಡದು ಅನ್ನುತ್ತಾರೆ, ತಮಿಳರೂ ಅದನ್ನೇ ತಮ್ಮ ಉಚ್ಚಾರದಲ್ಲಿ ಅನ್ನುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಕನ್ನಡ ತೆಲುಗು ಎರಡನ್ನೂ ಒಂದೇ ನಾಲಿಗೆಯಲ್ಲಿ ಆಡುವವರಿಗೆ ಇದು ಹೊಸದಲ್ಲ.

ಈಗ ನಿಜವಾದ ತೊಡಕಿಗೆ ಬರೋಣ. ಈ ಪದಗಳ ಜೊತೆ 'ಇಲ್ಲ' ಸೇರಿದಾಗ ಏನಾಗುತ್ತದೆ? ಇಂಗ್ಲಿಷಿನಲ್ಲಿ ಮಸ್ಟ್ ಎಂದರೆ ಬೇಕು. ಮಸ್ಟ್ ನಾಟ್ ಎಂದರೆ 'ಬೇಕಿಲ್ಲ' ಅಲ್ಲ, 'ಬಾರದು'. ಬೇಕಿಲ್ಲ ಅನ್ನಲು ನೀಡ್ ನಾಟ್ ಎಂಬ ಬೇರೆ ದಾರಿಯನ್ನೇ ಹಿಡಿಯಬೇಕು. ಚೆಕ್‌ನಲ್ಲಿ ಹಾಗಲ್ಲ. ಮುಸೀಶ್ ಎಂದರೆ ನೀನು ಮಾಡಬೇಕು. ಅದಕ್ಕೆ ಮುಂದೆ 'ನೆ' ಸೇರಿಸಿ ನೆಮುಸೀಶ್ ಅಂದರೆ ಮಾಡಬೇಕಿಲ್ಲ, ಬಿಟ್ಟರೂ ನಡೆಯುತ್ತದೆ. ತಡೆಯಬೇಕಾದರೆ ಬೇರೆಯದೇ ಕ್ರಿಯಾಪದ, ನೆಸ್ಮೀಶ್. ಅದು ಅನುಮತಿ ಎಂಬ ಅರ್ಥದ ಧಾತುವಿನ ನಿಷೇಧ. ಇದರಿಂದಾಗಿ ಇಂಗ್ಲಿಷ್ ಕಲಿಯುವ ಚೆಕ್ ಮಕ್ಕಳು 'ನೀವು ಬರಬೇಕಿಲ್ಲ' ಅನ್ನಲು ಹೋಗಿ 'ನೀವು ಬರಬಾರದು' ಎಂದುಬಿಡುವುದು ಅಲ್ಲಿನ ಮೇಷ್ಟ್ರುಗಳಿಗೆಲ್ಲ ಗೊತ್ತಿರುವ ಸಂಗತಿ. ಅತಿಥಿಗೆ 'ಉಡುಗೊರೆ ತರಬೇಕಿಲ್ಲ' ಎಂಬ ಸೌಜನ್ಯದ ಮಾತು 'ತಂದೀಯ ಜೋಕೆ' ಎಂದಾಗಿಬಿಡುತ್ತದೆ.

ನಮ್ಮ ಕನ್ನಡ ಇಲ್ಲಿ ಎಷ್ಟು ಅಚ್ಚುಕಟ್ಟು ನೋಡಿ. ಹೋಗಬೇಕಾಗಿಲ್ಲ ಎಂದರೆ ಕಟ್ಟು ಬಿಚ್ಚಿದ್ದು. ಹೋಗಬಾರದು ಎಂದರೆ ರೀತಿಗೆ ಒಪ್ಪದ್ದು. ಹೋಗಕೂಡದು ಎಂದರೆ ಕಟ್ಟುನಿಟ್ಟಾಗಿ ತಡೆದದ್ದು. ಹೋಗಬೇಡ ಎಂದರೆ ಎದುರಿಗಿರುವವನಿಗೆ ನೇರವಾಗಿ ಹೇಳಿದ್ದು. ಹೋಗದೇ ಇರಬಹುದು ಎಂದರೆ ಬರೀ ಊಹೆ. ಇಂಗ್ಲಿಷಿನ ಮೇ ನಾಟ್ ಇವುಗಳಲ್ಲಿ ಎರಡನ್ನು ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಅವರು ಹೋಗದೇ ಇರಬಹುದು ಎಂಬುದಕ್ಕೂ ಅದೇ, ಅವರು ಹೋಗುವಂತಿಲ್ಲ ಎಂಬುದಕ್ಕೂ ಅದೇ. ಕನ್ನಡ 'ಇಲ್ಲ'ವನ್ನು ಎಲ್ಲಿಡಬೇಕು ಎಂಬುದರಲ್ಲಿ ಎಚ್ಚರವಾಗಿದೆ. ಊಹೆಯಾದರೆ ನಿಷೇಧ ಒಳಗಿನ ಕ್ರಿಯೆಗೆ ಅಂಟುತ್ತದೆ: 'ಹೋಗದೆ' ಇರಬಹುದು. ತಡೆಯಾದರೆ ನಿಷೇಧ ಹೊರಗಿನ ಪದಕ್ಕೆ ಅಂಟುತ್ತದೆ: ಹೋಗ'ಬಾರದು'.

ಆದರೂ ನಮ್ಮಲ್ಲೂ ಒಂದು ಮಸುಕಾದ ಜಾಗವಿದೆ. 'ನಾಳಿ ಸಾಲಿಗೆ ಹೋಗೋದು ಬ್ಯಾಡ' ಎಂದು ತಾಯಿ ಮಗನಿಗೆ ಹೇಳಿದರೆ, ಅದು ಹೋಗಕೂಡದು ಎಂಬ ತಡೆಯೋ, ಜ್ವರ ಬಂದದ್ದರಿಂದ ನಾಳೆ ಬಿಡುವು ಎಂಬ ಮಮತೆಯೋ? ದನಿಯಿಂದಲೇ ತಿಳಿಯಬೇಕು. 'ಬೇಡ' ಎಂಬ ಒಂದು ಮಾತು ಬೇಕಿಲ್ಲ, ಬಾರದು ಎರಡನ್ನೂ ಹೊತ್ತುಕೊಂಡಿದೆ. ಅದರಲ್ಲಿ ಒಂದು ಮೃದುತ್ವವಿದೆ ಎಂದು ನನ್ನ ಭಾವನೆ. 'ಕೂಡದು' ಅನ್ನುವಾಗ ಕಾನೂನು ಎದುರು ನಿಲ್ಲುತ್ತದೆ. 'ಬೇಡ' ಅನ್ನುವಾಗ ಎದುರಿಗೆ ಇಬ್ಬರು ಮನುಷ್ಯರಿರುತ್ತಾರೆ.

ಇದಕ್ಕೆ ಹೊಂದಿದ ಒಂದು ಹಳೆಯ ಪ್ರಸಂಗ ನಮ್ಮ ಸೀಮೆಯದೇ ಇದೆ. 1800ರಲ್ಲಿ ಬಳ್ಳಾರಿ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋಯಿತು, ಮದ್ರಾಸಿನ ಆಡಳಿತಕ್ಕೆ ಸೇರಿತು. 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು, ಕನ್ನಡ ಕಲಿತು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದರು. ಕಿಟ್ಟೆಲ್ ಅವರ 1894ರ ಮಹಾ ನಿಘಂಟಿಗೂ ಆರು ದಶಕ ಮೊದಲಿನ ಮಾತು ಇದು. ಬಳ್ಳಾರಿಯ ಬಿಸಿಲಿನಲ್ಲಿ ಕೂತು ಇಂಗ್ಲಿಷಿನ ಶಲ್, ಮೇ, ಮಸ್ಟ್‌ಗಳನ್ನು ಕನ್ನಡದ ಬೇಕು, ಬಹುದುಗಳ ಪಕ್ಕಕ್ಕಿಟ್ಟು ತೂಗುವ ಕೆಲಸ ಆಗಲೇ ಇಲ್ಲಿ ನಡೆದಿತ್ತು.

ಹತ್ತು ಆಜ್ಞೆಗಳನ್ನು ಕನ್ನಡಕ್ಕೆ ತರುವವರ ಮುಂದೆ ಏನಿತ್ತು ಎಂದು ಯೋಚಿಸಿ. ಇಂಗ್ಲಿಷ್ ಬೈಬಲ್ ಕಳವು, ಕೊಲೆಗಳನ್ನು ತಡೆಯುವಾಗ ಶಲ್ ನಾಟ್ ಎಂಬ ಗಂಭೀರ ರೂಪವನ್ನು ಬಳಸುತ್ತದೆ. ಚೆಕ್ ಭಾಷೆಯ ಕ್ರಲಿತ್ಸೆ ಬೈಬಲ್, 1579ರಿಂದ 1593ರ ನಡುವೆ ಅಚ್ಚಾದದ್ದು, ನೆಸ್ಮೀಶ್ ಎಂಬ ತಡೆಯ ಪದವನ್ನು ಬಳಸಲೇ ಇಲ್ಲ. ಸುಮ್ಮನೆ ಭವಿಷ್ಯತ್ಕಾಲದ ನಿಷೇಧವನ್ನು ಇಟ್ಟಿತು. ಅಂದರೆ 'ನೀನು ಕೊಲ್ಲುವುದಿಲ್ಲ' ಎಂಬ ಧಾಟಿ. ಆಜ್ಞೆಯೇ ಇಲ್ಲದ ಆಜ್ಞೆ ಅದು. ನೀನು ಹಾಗೆ ಮಾಡುವವನೇ ಅಲ್ಲ ಎಂದು ಹೇಳಿ ಕಟ್ಟಿಹಾಕುವ ಬಗೆ. ನಮ್ಮ ಮನೆಗಳಲ್ಲೂ ಹಿರಿಯರು ಮಕ್ಕಳಿಗೆ ಹೀಗೆ ಹೇಳುವುದುಂಟು: 'ನೀನು ಸುಳ್ಳು ಹೇಳಾಂವ ಅಲ್ಲ, ನನಗ ಗೊತ್ತೈತಿ.' ಕನ್ನಡಕ್ಕೆ ತರುವವರಿಗೆ ಮಾಡಬೇಡ, ಮಾಡಬಾರದು, ಮಾಡಕೂಡದು ಎಂಬ ಮೂರು ಬಾಗಿಲು ತೆರೆದಿದ್ದವು. ಕನ್ನಡ ಬೈಬಲ್ 'ಬಾರದು' ಎಂಬ ಬಾಗಿಲಿನಿಂದ ಒಳಗೆ ಹೋಯಿತು. ಅದಕ್ಕೆ ಆರು ಶತಮಾನ ಮೊದಲೇ ಬಸವಣ್ಣನವರು ಕಳವು, ಕೊಲೆ, ಸುಳ್ಳುಗಳ ಬಗ್ಗೆ ಹೇಳಿದ ಪ್ರಸಿದ್ಧ ವಚನದಲ್ಲಿ ಸಾಲುಗಟ್ಟಿ ಬರುವುದು 'ಬೇಡ'. ವಿಷಯ ಹೆಚ್ಚು ಕಡಿಮೆ ಅದೇ, ನಿಲುವು ಬೇರೆ. 'ಬಾರದು' ಎಲ್ಲರಿಗೂ ಅನ್ವಯಿಸುವ ಕಟ್ಟಳೆ. 'ಬೇಡ' ಎದುರಿಗೆ ಕೂತವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದು. ಆ ವಚನ ಇಂದಿಗೂ ಓದದವರ ಬಾಯಲ್ಲೂ ಉಳಿದಿರುವುದಕ್ಕೆ ಈ ಒಂದು ಆಯ್ಕೆಯೂ ಕಾರಣ ಎಂದು ನಾನು ನಂಬುತ್ತೇನೆ.

ಇನ್ನು ಬಲ್ಲತನದ ಮಾತು. ನಮ್ಮ ಭಾಗದಲ್ಲಿ ತುಂಗಭದ್ರೆಯ ಹಿನ್ನೀರಿದೆ. ದಡದ ಹುಡುಗನೊಬ್ಬ ಹೀಗೆ ಹೇಳಿದ ಅಂತಿಟ್ಟುಕೊಳ್ಳಿ: 'ನನಗ ಈಜು ಬರ್ತೈತಿ. ಆದ್ರ ಇವತ್ತು ಕೈ ನೋವೈತಿ, ಈಜಾಕ ಆಗಲ್ಲ. ಮ್ಯಾಲ ನಮ್ಮಪ್ಪ ನೀರಿಗಿಳೀಬಾರ್ದು ಅಂದಾನ.' ಮೂರು ವಾಕ್ಯ, ಮೂರು ಬೇರೆ ಸಂಗತಿ. ಬರುತ್ತದೆ ಎಂದರೆ ಕಲಿತ ವಿದ್ಯೆ. ಆಗಲ್ಲ ಎಂದರೆ ಈ ಹೊತ್ತಿನ ಮೈಯ ಸ್ಥಿತಿ. ಬಾರದು ಎಂದರೆ ಹಿರಿಯರ ಕಟ್ಟಳೆ. ಇಂಗ್ಲಿಷಿನಲ್ಲಿ ಹುಡುಗರು ಈ ಮೂರಕ್ಕೂ ಕ್ಯಾನ್, ಕಾಂಟ್ ಎಂಬ ಒಂದನ್ನೇ ಬಳಸಿ ದಾಟಿಬಿಡುತ್ತಾರೆ. ಚೆಕ್ ಹುಡುಗ ಹಾಗೆ ಮಾಡಲಾರ. ಅವನಿಗೂ ಮೂರು ಬೇಕು: ವಿದ್ಯೆಗೆ ಉಮೀಮ್, ಮೈಯ ಸ್ಥಿತಿಗೆ ನೆಮೂಝು, ಕಟ್ಟಳೆಗೆ ನೆಸ್ಮೀಮ್. ಪ್ರಾಗ್‌ನ ಹುಡುಗನೂ ತುಂಗಭದ್ರೆಯ ದಡದ ಹುಡುಗನೂ ಇಲ್ಲಿ ಒಂದೇ ಪಂಕ್ತಿಯಲ್ಲಿ ಕೂತಿದ್ದಾರೆ, ಇಂಗ್ಲಿಷ್ ಒಂಟಿಯಾಗಿದೆ. ಚೆಕ್, ಇಂಗ್ಲಿಷ್ ಎರಡೂ ಒಂದೇ ಇಂಡೋ-ಯುರೋಪಿಯನ್ ಕುಟುಂಬದವು, ಕನ್ನಡ ಆ ಕುಟುಂಬಕ್ಕೆ ಸೇರಿದ್ದೇ ಅಲ್ಲ. ಹಾಗಿದ್ದೂ ಹೀಗೆ. ಭಾಷೆಗಳ ರಕ್ತಸಂಬಂಧ ಒಂದು, ಅವುಗಳ ಯೋಚನೆಯ ನೆರೆಹೊರೆ ಇನ್ನೊಂದು.

ಇದರ ಜೊತೆಗೆ ಒಂದು ಸೂಕ್ಷ್ಮವನ್ನೂ ಗಮನಿಸಿ. ಕನ್ನಡದಲ್ಲಿ ವಿದ್ಯೆ 'ನನಗೆ' ಬರುತ್ತದೆ, ಕೆಲಸ 'ನನಗೆ' ಆಗುತ್ತದೆ, ವಸ್ತು 'ನನಗೆ' ಬೇಕು. ನಾನು ಅಲ್ಲಿ ಕರ್ತೃವಲ್ಲ, ಬಂದದ್ದನ್ನು ಪಡೆದುಕೊಳ್ಳುವವನು. ಇಂಗ್ಲಿಷಿನ 'ನಾನು' ಮಾತ್ರ ಎಲ್ಲ ಕಡೆಯೂ ಯಜಮಾನನ ಜಾಗದಲ್ಲೇ ಕೂತಿರುತ್ತದೆ.

'ಬೇಕು' ಎಂಬುದಕ್ಕೆ ಇನ್ನೊಂದು ಮುಖವಿದೆ. 'ಬಸ್ಸು ಹೋಗಿರಬೇಕು' ಅಂದಾಗ ಬಸ್ಸಿಗೆ ಯಾರೂ ಹೋಗು ಎಂದು ಹೇಳಿಲ್ಲ. ನಿಲ್ದಾಣ ಖಾಲಿಯಿದೆ, ಅದನ್ನು ನೋಡಿ ನಾವು ಹಾಗೆ ತೀರ್ಮಾನಿಸಿದ್ದೇವೆ. ಕರ್ತವ್ಯದ ಪದವೇ ಅನುಮಾನದ ಪದವಾಗಿದೆ. ಇಂಗ್ಲಿಷಿನ ಮಸ್ಟ್ ಹಾಗೆಯೇ ಎರಡು ಕೆಲಸ ಮಾಡುತ್ತದೆ, ಚೆಕ್‌ನ ಮುಸೆತ್ ಕೂಡ. 'ಬಹುದು', ಮೇ, ಮೋತ್ಸ್ತ್ ಮೂರೂ ಹೀಗೆಯೇ ಒಪ್ಪಿಗೆಗೂ ಊಹೆಗೂ ಸಲ್ಲುತ್ತವೆ. ಕನ್ನಡ ಇದನ್ನು ಆ ಎರಡು ಭಾಷೆಗಳಿಂದ ಕಲಿತದ್ದಲ್ಲ. ಮನುಷ್ಯ ಎಲ್ಲೇ ಇರಲಿ, ತಾನು ಮಾಡಲೇಬೇಕಾದದ್ದನ್ನೂ ತಾನು ನಂಬಲೇಬೇಕಾದದ್ದನ್ನೂ ಒಂದೇ ಒತ್ತಡವಾಗಿ ಅನುಭವಿಸುತ್ತಾನೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಕಂಡಿಲ್ಲ.

ಈಗ ಕನ್ನಡಕ್ಕೇ ವಿಶೇಷವಾದ ಒಂದು ರೂಪಕ್ಕೆ ಬರುತ್ತೇನೆ. ಬಂದೀತು, ಆದೀತು, ಬಿದ್ದಾನು, ಕೊಟ್ಟಾರು. ಶಾಲೆಯ ಪುಸ್ತಕದಲ್ಲಿ ಇದು ಸಂಭಾವನಾರ್ಥಕ. ಬರಬಹುದು ಎಂಬುದಕ್ಕೂ ಬಂದೀತು ಎಂಬುದಕ್ಕೂ ಕೂದಲೆಳೆಯ ಅಂತರವಿದೆ. ಬರಬಹುದು ಎಂಬುದು ತಣ್ಣನೆಯ ಲೆಕ್ಕಾಚಾರ. ಬಂದೀತು ಎಂಬುದರೊಳಗೆ ಆಸೆಯೋ ಅಂಜಿಕೆಯೋ ಇದೆ. ಬಾವಿ ಕಟ್ಟೆಯ ಮೇಲೆ ಹತ್ತಿದ ಮಗುವಿಗೆ ಅಜ್ಜಿ 'ಬಿದ್ದೀಯ!' ಎಂದು ಕೂಗುತ್ತಾಳೆ. ಆ ಒಂದೇ ಮಾತಿನಲ್ಲಿ ಎಚ್ಚರಿಕೆ, ಭಯ, ಪ್ರೀತಿ ಎಲ್ಲ ಇದೆ. ಚೆಕ್ ಅಜ್ಜಿ 'ಅಬಿಸ್ ನೆಸ್ಪದ್ಲ್' ಅನ್ನುತ್ತಾಳೆ, ಬೀಳದಿರಲೆಂದು ಎಂಬ ಧಾಟಿಯಲ್ಲಿ. ಇಂಗ್ಲಿಷಿನ ಮೈಟ್ ಇಷ್ಟು ಬಿಸಿಯಾಗಿಲ್ಲ.

ಈ ರೂಪದ ಗತ್ತನ್ನು ಕೇಳಬೇಕಾದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರಕ್ಕೆ ಹೋಗಬೇಕು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಡೆಂಕನಮರಡಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ 'ಸದ್ದಲೇ' ಎಂದು ಗುಡುಗುತ್ತಾನೆ. ಕ್ರಿಯಾಪದವೇ ಇಲ್ಲದ ಆಜ್ಞೆ ಅದು. ಅಷ್ಟು ಜನಸಾಗರ ಗಪ್ಪನೆ ಸುಮ್ಮನಾಗುತ್ತದೆ. ಆಮೇಲೆ ನಾಲ್ಕೈದು ಪದಗಳ ಒಂದು ವಾಕ್ಯ, ಕೊನೆಗೆ ಪರಾಕ್. ಅದೇ ಕಾರಣಿಕ, ವರ್ಷದ ಭವಿಷ್ಯವಾಣಿ. ಆ ವಾಕ್ಯದ ಕ್ರಿಯಾಪದವನ್ನು ಗಮನಿಸುತ್ತ ಬಂದಿದ್ದೇನೆ. ಅದು ಆಯಿತು ಎಂಬ ಧಾಟಿಯಲ್ಲೋ ಆದೀತು ಎಂಬ ಧಾಟಿಯಲ್ಲೋ ಇರುತ್ತದೆ. ಆಗಬಹುದು ಎಂದಾಗಲಿ ಆಗಬೇಕು ಎಂದಾಗಲಿ ಅಲ್ಲಿ ಕೇಳಿದ ನೆನಪು ನನಗಿಲ್ಲ. ದೈವದ ನುಡಿಯಲ್ಲಿ ಲೆಕ್ಕಾಚಾರಕ್ಕೆ ಜಾಗವಿಲ್ಲ. ಮುಂದೆ ಆಗುವುದನ್ನು ಅದು ಈಗಾಗಲೇ ಕಂಡಿದೆ, ಆದ್ದರಿಂದ 'ಆಯಿತು'. ಅಥವಾ ಅದು ಮನುಷ್ಯರಿಗೆ ಎಚ್ಚರ ಕೊಡುತ್ತಿದೆ, ಆದ್ದರಿಂದ 'ಆದೀತು'. ಎಷ್ಟೋ ಕ್ರಿಯಾಪದಗಳಲ್ಲಿ ಇದು ಇತು, ಈತು ಎಂಬ ಒಂದು ದೀರ್ಘದ ವ್ಯತ್ಯಾಸ. ಗೌಜಿನಲ್ಲಿ ಒಬ್ಬರ ಕಿವಿಗೆ ಇತು ಎಂದು ಬಿದ್ದದ್ದು ಇನ್ನೊಬ್ಬರಿಗೆ ಈತು ಎಂದು ಬೀಳಬಹುದು, ಅರ್ಥವೂ ಅದರ ಜೊತೆ ಹೊರಳುತ್ತದೆ. ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯ ರೈತರು ಊರಿಗೆ ಮರಳುವ ದಾರಿಯಲ್ಲಿ ಆ ವಾಕ್ಯವನ್ನು ಅರ್ಥ ಮಾಡುತ್ತ ಹೋಗುವುದನ್ನು ಕೇಳಿದರೆ, ಕ್ರಿಯಾಪದದ ತುದಿಯನ್ನು ಇವರು ಎಷ್ಟು ಸೂಕ್ಷ್ಮವಾಗಿ ಬಲ್ಲರು ಎಂದು ಗೌರವ ಹುಟ್ಟುತ್ತದೆ.

ಹಾಗೆಯೇ ಇನ್ನೊಂದು ಮಾತು, ನಮ್ಮ ಕಡೆಯ ಬಾಯಲ್ಲಿ ದಿನವೂ ಇರುವುದು. 'ಮಳಿ ಬರವಲ್ದು.' 'ಪಂಪ್‌ಸೆಟ್ ಚಾಲೂ ಆಗವಲ್ದು.' 'ಹುಡುಗ ಮಾತು ಕೇಳವಲ್ಲ.' ಇದು ಒಲ್ಲದು, ಒಲ್ಲ ಎಂಬುದರ ಆಡುರೂಪ. ಒಲಿ, ಒಲವು ಎಂಬ ಮಾತುಗಳ ಬೇರೇ ಇದರದು. ಮಳೆಗೆ ಒಲವಿಲ್ಲ, ಪಂಪ್‌ಸೆಟ್ಟಿಗೆ ಮನಸ್ಸಿಲ್ಲ ಎಂದು ಹೇಳಿದಂತೆ. ಇಂಗ್ಲಿಷಿನವರೂ ಕೆಟ್ಟ ಗಾಡಿಗೆ ವೋಂಟ್ ಎಂಬ ಪದವನ್ನೇ ಬಳಸುತ್ತಾರೆ. ವಿಲ್ ಎಂದರೆ ಮೂಲದಲ್ಲಿ ಇಚ್ಛೆ. ಚೆಕ್‌ನವರು ನೆಖ್ತ್ಸೆ ಅನ್ನುತ್ತಾರೆ, ಅದಕ್ಕೆ ಬೇಕಿಲ್ಲ ಎಂದು. ಜಡವಸ್ತುವಿಗೂ ಇಚ್ಛೆಯನ್ನು ಆರೋಪಿಸುವ ಈ ಹಟ ಮೂರೂ ಭಾಷೆಗೆ ಸಮಾನ. ಗ್ರಂಥಭಾಷೆಯಲ್ಲಿ 'ಬರುತ್ತಿಲ್ಲ' ಎಂದು ಬರೆದುಬಿಡುತ್ತೇವೆ. ಬರುತ್ತಿಲ್ಲ ಎಂಬುದು ವರದಿ. ಬರವಲ್ದು ಎಂಬುದರಲ್ಲಿ ಕಾದು ಕಾದು ಸೋತ ಮನಸ್ಸಿದೆ. ಈ ರೂಪವನ್ನು ಬರವಣಿಗೆಯಿಂದ ಹೊರಗಿಟ್ಟದ್ದು ನಮಗೆ ನಾವೇ ಮಾಡಿಕೊಂಡ ನಷ್ಟ.

ಕೇಳಿದ ಸುದ್ದಿಯನ್ನು ಗುರುತಿಸುವ 'ಅಂತೆ' ಬಗ್ಗೆ ಒಂದು ಮಾತು. 'ಬಂದನಂತೆ' ಎಂದರೆ ನಾನು ಕಂಡಿಲ್ಲ, ಯಾರೋ ಹೇಳಿದ್ದು, ಜವಾಬ್ದಾರಿ ನನ್ನದಲ್ಲ. ಚೆಕ್‌ನಲ್ಲಿ ಇದೇ ಕೆಲಸಕ್ಕೆ 'ಪ್ರೀ' ಎಂಬ ಪುಟ್ಟ ಪದವಿದೆ. ಇಂಗ್ಲಿಷಿನ ಆಡುಮಾತಿನಲ್ಲಿ ಇಷ್ಟು ಪುಟ್ಟ ಪದವಿಲ್ಲ, ಸಾಮಾನ್ಯವಾಗಿ ಸುತ್ತುಬಳಸಿ ಹೇಳಬೇಕು. ಮೊಬೈಲಿನಲ್ಲಿ ಸುದ್ದಿ ಹರಿದಾಡುವ ಈ ಕಾಲದಲ್ಲಿ 'ಅಂತೆ'ಯನ್ನು ಕಳಚಿ ಹಾಕಿ 'ಬಂದ' ಎಂದೇ ಮುಂದಕ್ಕೆ ಕಳಿಸುವುದು ಹೆಚ್ಚಾಗಿದೆ. ನಮ್ಮ ಅಜ್ಜಿಯರು ಕೇಳಿದ್ದನ್ನು ಕೇಳಿದ್ದೆಂದೇ ಹೇಳುತ್ತಿದ್ದರು.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನಾವು ಇಂಗ್ಲಿಷನ್ನು ಕಲಿಸುವಾಗಲೂ ಇಂಗ್ಲಿಷಿನಿಂದ ಅನುವಾದಿಸುವಾಗಲೂ ಕನ್ನಡವನ್ನು ಪಕ್ಕಕ್ಕೆ ಇಟ್ಟುಕೊಳ್ಳುತ್ತಿಲ್ಲ. ಡಿ. ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂದು ಪುಸ್ತಕವನ್ನೇ ಬರೆದರು. 1999ರಲ್ಲಿ ಇಂಗ್ಲಿಷಿನಲ್ಲಿ ಬಂದ ಇನ್ನೊಂದು ಗ್ರಂಥದಲ್ಲಿ ಅವರು ಜಗತ್ತಿನ ಭಾಷೆಗಳನ್ನು ಕಾಲಕ್ಕೆ ಪ್ರಾಧಾನ್ಯ ಕೊಡುವವು, ಕ್ರಿಯೆಯ ಸ್ಥಿತಿಗೆ ಕೊಡುವವು, ನಿಲುವಿಗೆ ಕೊಡುವವು ಎಂದು ವಿಂಗಡಿಸಿ ನೋಡಿದರು. ಅಂಥ ವಿದ್ವತ್ತು ನಮ್ಮಲ್ಲೇ ಹುಟ್ಟಿದೆ, ಆದರೆ ತರಗತಿಯವರೆಗೆ ಇಳಿದಿಲ್ಲ.

ಫಲ ಏನಾಗಿದೆ? ಔಷಧದ ಚೀಟಿಯಲ್ಲಿ ತಲೆಸುತ್ತು ಉಂಟಾದೀತು ಎಂಬ ಎಚ್ಚರಿಕೆ 'ಉಂಟಾಗಬಹುದು' ಎಂದು ಸಪ್ಪೆಯಾಗುತ್ತದೆ. ಕಚೇರಿಯ ಕನ್ನಡದಲ್ಲಿ ಶಲ್ ಎಂಬುದಕ್ಕೆ 'ತಕ್ಕದ್ದು' ಬಂದಿದೆ: ಹಾಜರಾಗತಕ್ಕದ್ದು, ಪಾವತಿಸತಕ್ಕದ್ದು. ಕಾನೂನಿನ ಪುಸ್ತಕಕ್ಕೆ ಆ ಬಿಗಿ ಬೇಕು, ಅದನ್ನು ನಾನು ಒಪ್ಪುತ್ತೇನೆ. ನ್ಯಾಯಾಲಯಗಳು ಮೇ ಎಂಬ ಪದವನ್ನು ಸಂದರ್ಭ ನೋಡಿ ಶಲ್ ಎಂದೇ ಓದಬೇಕಾಗುತ್ತದೆ ಎಂದು ತೀರ್ಪು ಕೊಟ್ಟದ್ದುಂಟು. ನಮ್ಮ 'ಬಹುದು' ಹಾಗೆ ಹಿಗ್ಗುವ ಪದವಲ್ಲ, ಆದ್ದರಿಂದ ಅನುವಾದಿಸುವವರು ಮೊದಲೇ ಯೋಚಿಸಬೇಕು. ಆದರೆ ಪಂಚಾಯಿತಿಯ ಗೋಡೆಯ ಮೇಲಿನ ನೀರಿನ ಕರದ ಸೂಚನೆಗೂ 'ತಕ್ಕದ್ದು' ಯಾಕೆ? 'ಈ ತಿಂಗಳೊಳಗೆ ಕರ ಕಟ್ಟಬೇಕು' ಎಂದರೆ ಓದಿದವರಿಗೆಲ್ಲ ತಿಳಿಯುತ್ತದೆ, ಬಿಗಿಯೂ ಕಡಿಮೆಯಾಗುವುದಿಲ್ಲ.

ಫೋನು ಎತ್ತಿದರೆ 'ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?' ಎಂಬ ದನಿ ಕೇಳಿಸುತ್ತದೆ. ಅದು ಇಂಗ್ಲಿಷಿನ ಮೇ ಕನ್ನಡದ ಬಟ್ಟೆ ಉಟ್ಟು ಬಂದದ್ದು. ಇಂಗ್ಲಿಷ್ ಅಲ್ಲಿ ಸಹಾಯ ಮಾಡುವವನು ಒಪ್ಪಿಗೆ ಕೇಳುವುದರಿಂದ ಮಾತು ಶುರುಮಾಡುತ್ತದೆ. ನಮ್ಮ ಸಂತೆಯ ಅಂಗಡಿಯವರು ಬಂದವರ ಅಗತ್ಯದಿಂದ ಶುರುಮಾಡುತ್ತಾರೆ: 'ಏನ್ ಬೇಕ್ರೀ?' ಎರಡು ಪದ, ಕೊನೆಯ 'ರೀ'ಯಲ್ಲಿ ಮರ್ಯಾದೆ. ನಮ್ಮ ಭಾಷೆಯಲ್ಲಿ ಸೌಜನ್ಯ 'ಬಹುದು'ವಿನಲ್ಲಿಲ್ಲ, ಬರ್ರಿ, ಕೂಡ್ರಿ, ಕೊಡ್ರಿ ಎಂಬ ಬಹುವಚನದಲ್ಲಿದೆ, 'ಹೋಗಿ ಬರ್ಲೇನ್ರಿ?' ಎಂಬ ಪ್ರಶ್ನೆಯಲ್ಲಿದೆ.

ನಮ್ಮ ಸೀಮೆಯ ಇಂಗ್ಲಿಷ್ ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಮಸ್ಟ್, ಮೇ, ಕ್ಯಾನ್ ಪಾಠ ಬಂದ ದಿನ ಪುಸ್ತಕ ತೆರೆಯುವ ಮೊದಲು ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಿರಿ: ಹೋಗಬೇಕು, ಹೋಗಬೇಕಾಗಿಲ್ಲ, ಹೋಗಬಾರದು, ಹೋಗದೇ ಇರಬಹುದು, ಹೋಗಿರಬೇಕು, ಹೋದಾನು, ಹೋದನಂತೆ, ಹೋಗವಲ್ಲ. ಒಂದೊಂದನ್ನೂ ಯಾವಾಗ ಅನ್ನುತ್ತೀರಿ ಎಂದು ಮಕ್ಕಳನ್ನೇ ಕೇಳಿ. ಅವರು ತಪ್ಪದೆ ಹೇಳುತ್ತಾರೆ, ಮನೆಯಲ್ಲೇ ಕಲಿತು ಬಂದಿರುತ್ತಾರೆ. ಆಮೇಲೆ ಎದುರು ಬದಿಯಲ್ಲಿ ಇಂಗ್ಲಿಷನ್ನು ಬರೆಯುತ್ತ ಹೋಗಿ. ಎಲ್ಲಿ ನಮ್ಮ ಎರಡಕ್ಕೆ ಅವರದು ಒಂದೇ ಇದೆ, ಎಲ್ಲಿ ನಮ್ಮ ಒಂದಕ್ಕೆ ಅವರ ಪೂರ್ತಿ ವಾಕ್ಯವೇ ಬೇಕು ಎಂಬುದು ಮಕ್ಕಳಿಗೆ ಕಣ್ಣಿಗೆ ಕಾಣುತ್ತದೆ. ಹಡಗಲಿಯ ಶಾಲೆಯಲ್ಲಿ ಬಂದ ರೂಪ ಕೂಡ್ಲಿಗಿಯಲ್ಲಿ ಬೇರೆ ಇದ್ದರೆ ಅದನ್ನೂ ಬರೆದಿಟ್ಟುಕೊಳ್ಳಿ.